ಸಬ್‌ವರ್ಶನ್‌ನಿಂದ ಗಿಟ್‌ಹಬ್‌ಗೆ: ಹದಿಮೂರು ವರ್ಷದ ಕಡತಗಳನ್ನು ಇತಿಹಾಸ ಸಮೇತ ಸಾಗಿಸಿದ ಬಗೆ

ಸಬ್‌ವರ್ಶನ್, ಗಿಟ್ ಎರಡೂ ಕಡತಗಳಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂದು ದಾಖಲಿಸಿಡುವ ತಂತ್ರಾಂಶಗಳು; ಗಿಟ್‌ಹಬ್ ಗಿಟ್ ರೆಪೊಗಳನ್ನು, ಎಂದರೆ ಕಡತ ಮತ್ತು ಇತಿಹಾಸದ ಭಂಡಾರಗಳನ್ನು, ಇಡುವ ಜಾಲತಾಣ. ಇವತ್ತಿನ ಕಡತಗಳನ್ನಷ್ಟೇ ಹೊಸ ಜಾಗಕ್ಕೆ ಹಾಕುವುದಾದರೆ ಅದು ಅರ್ಧ ಗಂಟೆಯ ಕೆಲಸ. ಸಬ್‌ವರ್ಶನ್‌ನಿಂದ ಒಂದು ಎಕ್ಸ್‌ಪೋರ್ಟ್, ಒಂದು ಕಮಿಟ್ (ಬದಲಾವಣೆಯನ್ನು ದಾಖಲಿಸುವುದು), ಒಂದು ಪುಶ್ (ಅದನ್ನು ಸರ್ವರ್‌ಗೆ ಕಳಿಸುವುದು), ಮುಗಿಯಿತು. ನಮಗೆ ಅದು ಸಾಲದಾಗಿತ್ತು. ನಮ್ಮದು ಕನ್ನಡ ನಿಘಂಟಿನ ತಂತ್ರಾಂಶ. ಏಳು ಮಂದಿ ನೋಡಿಕೊಳ್ಳುವ ಕೋಡು, ಪದಪಟ್ಟಿ, ಫಾಂಟು, ಕೈಪಿಡಿ ಎಲ್ಲವೂ ಹದಿಮೂರು ವರ್ಷದಿಂದ ಒಂದೇ ರೆಪೊದಲ್ಲಿದ್ದವು. ಇಂಥ ಕೆಲಸದಲ್ಲಿ ಒಂದು ಪದದ ಅರ್ಥವನ್ನು ಯಾರು, ಯಾವಾಗ, ಯಾಕೆ ತಿದ್ದಿದರು ಎನ್ನುವುದಕ್ಕೆ ಆ ಪದದಷ್ಟೇ ಬೆಲೆ. ಅದನ್ನು ಬಿಟ್ಟು ಹೋಗುವುದಾದರೆ ಹೋಗುವುದೇ ಬೇಡ ಎಂದು ಮೊದಲೇ ಮಾತಾಡಿಕೊಂಡೆವು. ಹಾಗಾಗಿ ಅರ್ಧ ಗಂಟೆಯ ಕೆಲಸಕ್ಕೆ ಮೂರು ವಾರ ಹಿಡಿಯಿತು. ಇದೇ ದಾರಿಯಲ್ಲಿ ಬರುವವರಿಗೆ ಅಷ್ಟು ದಿನ ಹಿಡಿಯದಿರಲಿ ಎಂದು ಇಲ್ಲಿ ಬರೆದಿಡುತ್ತಿದ್ದೇವೆ.

ಜಾಗ ಆರಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಿಟ್‌ಹಬ್‌ನಂಥದ್ದೇ ಆದ ಗಿಟ್‌ಲ್ಯಾಬನ್ನು ಬೇಕಾದರೆ ನಮ್ಮದೇ ಸರ್ವರ್‌ನಲ್ಲಿ ಕೂರಿಸಬಹುದಿತ್ತು. ಮುಕ್ತ ತಂತ್ರಾಂಶ ಯೋಜನೆಗಳಾದ ಗ್ನೋಮ್ 2018ರಲ್ಲಿ, ಕೆಡಿಇ 2020ರಲ್ಲಿ ಹಾಗೆಯೇ ಹೋದವು. ಬರ್ಲಿನ್‌ನ ಕೋಡ್‌ಬರ್ಗ್ ಅನ್ನು ಲಾಭದ ಉದ್ದೇಶವಿಲ್ಲದ ಸಂಘವೊಂದು ನಡೆಸುತ್ತದೆ, ಮುಕ್ತ ತಂತ್ರಾಂಶಕ್ಕೆಂದೇ ಇರುವ ಜಾಗ ಅದು. ನಾವು ಗಿಟ್‌ಹಬ್‌ಗೆ ಹೋದದ್ದು ಒಂದೇ ಕಾರಣಕ್ಕೆ: ಪದ ತಿದ್ದಲು ಹೊರಗಿನಿಂದ ಬರುವವರಲ್ಲಿ ಬಹಳ ಮಂದಿಗೆ ಆಗಲೇ ಅಲ್ಲಿ ಖಾತೆ ಇತ್ತು. ಗಿಟ್‌ಹಬ್ ರೆಪೊವನ್ನು ಸಬ್‌ವರ್ಶನ್ ಕ್ಲೈಂಟ್‌ನಿಂದಲೂ ಬಳಸಬಹುದು ಎಂದು ಹಳೆಯ ಕೈಪಿಡಿಗಳಲ್ಲಿ ಇದೆ. ಅದನ್ನು ನಂಬಿ ಯೋಜನೆ ಹಾಕಬೇಡಿ, ಆ ಸೌಲಭ್ಯ 2024ರ ಜನವರಿ 8ಕ್ಕೆ ನಿಂತಿದೆ.

ಗಿಟ್ ಜೊತೆಗೆ ಬರುವ 'ಗಿಟ್ ಎಸ್‌ವಿಎನ್' ಇಡೀ ಇತಿಹಾಸವನ್ನು ಒಂದೊಂದೇ ರಿವಿಷನ್ (ಸಬ್‌ವರ್ಶನ್‌ನಲ್ಲಿ ಸಂಖ್ಯೆ ಹೊತ್ತ ಒಂದು ದಾಖಲೆ) ಆಗಿ ಎಳೆದು ಕಮಿಟ್ ಮಾಡುತ್ತದೆ. ಇದನ್ನು ನೆಟ್‌ವರ್ಕ್ ಮೇಲೆ ಓಡಿಸಿದರೆ ಪ್ರತಿ ರಿವಿಷನ್‌ಗೂ ಸರ್ವರ್‌ಗೆ ಹೋಗಿ ಬರಬೇಕು. ನಮ್ಮ ಆರು ಸಾವಿರ ಚಿಲ್ಲರೆ ರಿವಿಷನ್‌ಗಳಿಗೆ ಮೊದಲ ಸಲ ಒಂದು ರಾತ್ರಿಯಿಡೀ ಓಡಿಯೂ ಮುಗಿಯಲಿಲ್ಲ. ಸರ್ವರ್‌ನಲ್ಲಿ 'ಎಸ್‌ವಿಎನ್‌ಅಡ್ಮಿನ್ ಹಾಟ್‌ಕಾಪಿ' (ರೆಪೊದ ಪೂರ್ತಿ ನಕಲು) ಮಾಡಿ ಆ ಪ್ರತಿಯನ್ನು ಕೆಲಸದ ಕಂಪ್ಯೂಟರ್‌ಗೆ ತಂದು, 'ಫೈಲ್' ವಿಳಾಸದಿಂದ ಓದಿಸಿದಾಗ ನಲವತ್ತು ನಿಮಿಷಕ್ಕೆ ಇಳಿಯಿತು. ಇಲ್ಲಿ ಒಂದು ಎಚ್ಚರ ಬೇಕು. ಪ್ರತಿ ಕಮಿಟ್ ಸಂದೇಶದ ಕೊನೆಗೆ 'ಗಿಟ್-ಎಸ್‌ವಿಎನ್-ಐಡಿ' ಎಂಬ ಸಾಲು ಬಂದು ಕೂರುತ್ತದೆ. ಅದರಲ್ಲಿ ಮೂಲದ ವಿಳಾಸ, @ ಗುರುತು, ರಿವಿಷನ್ ಸಂಖ್ಯೆ ಇರುತ್ತವೆ. ಸ್ಥಳೀಯ ಪ್ರತಿಯಿಂದ ಓದಿಸಿದರೆ ಅಲ್ಲಿ ನಿಮ್ಮ ಕಂಪ್ಯೂಟರ್‌ನ ಫೋಲ್ಡರ್ ದಾರಿ ಶಾಶ್ವತವಾಗಿ ಅಚ್ಚಾಗುತ್ತದೆ. 'ರೀರೈಟ್-ರೂಟ್' ಆಯ್ಕೆಗೆ ಹಳೆಯ ಸರ್ವರ್‌ನ ನಿಜವಾದ ವಿಳಾಸ ಕೊಟ್ಟರೆ ಇದು ತಪ್ಪುತ್ತದೆ.

ಆ ಸಾಲು ನೋಡಲು ಚೆನ್ನಾಗಿಲ್ಲ ಎಂದು ಬಹಳ ಕಡೆ 'ನೋ-ಮೆಟಾಡೇಟಾ' ಹಾಕಿ ತೆಗೆಸುತ್ತಾರೆ. ನಮ್ಮ ಮಟ್ಟಿಗೆ ಅದು ತಪ್ಪು. ಹದಿಮೂರು ವರ್ಷದ ಟಿಕೆಟ್ (ದೋಷ, ಬೇಡಿಕೆಗಳ ದಾಖಲೆ), ಮಿಂಚಂಚೆ, ಸಭೆಯ ಟಿಪ್ಪಣಿಗಳಲ್ಲೆಲ್ಲ 'ಆರ್2314ರಲ್ಲಿ ಸರಿಪಡಿಸಿದೆ' ಎಂದೇ ಇದೆ. ಆ ಸಾಲು ಉಳಿದಿದ್ದರೆ ಗಿಟ್ ಲಾಗ್‌ನಲ್ಲಿ '@2314' ಎಂದು ಹುಡುಕಿದ ಕೂಡಲೇ ಕಮಿಟ್ ಸಿಗುತ್ತದೆ. ತೆಗೆದುಬಿಟ್ಟರೆ ಸಿಗುವ ದಾರಿಯೇ ಇಲ್ಲ.

ಹೆಸರುಗಳ ಪಟ್ಟಿ ಇನ್ನೊಂದು ದೊಡ್ಡ ಕೆಲಸ. ಸಬ್‌ವರ್ಶನ್‌ನಲ್ಲಿ ಕಮಿಟ್ ಮಾಡಿದವರ ಲಾಗಿನ್ ಹೆಸರು ಮಾತ್ರ ಇರುತ್ತದೆ. ಗಿಟ್‌ಗೆ ಪೂರ್ತಿ ಹೆಸರು, ಮಿಂಚಂಚೆ ಎರಡೂ ಬೇಕು. 'ಎಸ್‌ವಿಎನ್ ಲಾಗ್' ಅನ್ನು 'ಕ್ವೈಟ್' ಆಯ್ಕೆಯೊಂದಿಗೆ ಓಡಿಸಿ, ಉದ್ದಗೀಟಿನ ನಡುವಿನ ಎರಡನೇ ಅಂಕಣವನ್ನು ಬೇರ್ಪಡಿಸಿ, ಮರುಕಳಿಸಿದ್ದನ್ನು ತೆಗೆದರೆ ಲಾಗಿನ್‌ಗಳ ಪಟ್ಟಿ ಸಿಗುತ್ತದೆ. ಅದನ್ನು ಗಿಟ್ ಎಸ್‌ವಿಎನ್‌ಗೆ ಕೊಡುವ ಹೆಸರುಗಳ ಕಡತವಾಗಿ ಬರೆಯಬೇಕು: ಪ್ರತಿ ಸಾಲಿನಲ್ಲೂ ಎಡಕ್ಕೆ ಲಾಗಿನ್, ನಡುವೆ ಸಮ ಚಿಹ್ನೆ, ಬಲಕ್ಕೆ ಹೆಸರು ಮತ್ತು ಕೋನಾವರಣದೊಳಗೆ ಮಿಂಚಂಚೆ. ಈಗ ಏಳೇ ಮಂದಿ ಇದ್ದರೂ ನಮಗೆ ಸಿಕ್ಕಿದ್ದು ಹತ್ತೊಂಬತ್ತು ಲಾಗಿನ್. ಬಿಟ್ಟು ಹೋದವರು, ಬೇಸಿಗೆ ರಜೆಯಲ್ಲಿ ಬಂದಿದ್ದ ವಿದ್ಯಾರ್ಥಿಗಳು, ಒಬ್ಬರೇ ಎರಡು ಲಾಗಿನ್ ಇಟ್ಟುಕೊಂಡಿದ್ದವರು, ಮೇಲಾಗಿ 'ನೋ ಆಥರ್' ಎಂದು ಆವರಣದೊಳಗೆ ಬರುವ ಅನಾಮಧೇಯ ರಿವಿಷನ್‌ಗಳು. ಆ ಆವರಣ ಸಮೇತ ಅದನ್ನೂ ಒಂದು ಸಾಲಾಗಿ ಬರೆಯಬೇಕು. ಪಟ್ಟಿಯಲ್ಲಿಲ್ಲದ ಹೆಸರು ಎದುರಾದರೆ ಗಿಟ್ ಎಸ್‌ವಿಎನ್ ಅಲ್ಲೇ ನಿಲ್ಲುತ್ತದೆ. ಸಾಲು ಸೇರಿಸಿ 'ಗಿಟ್ ಎಸ್‌ವಿಎನ್ ಫೆಚ್' ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಬಿಟ್ಟು ಹೋದವರ ಮಿಂಚಂಚೆಯನ್ನು ಅವರನ್ನು ಕೇಳದೆ ಹಾಕಬೇಡಿ. ರೆಪೊ ಸಾರ್ವಜನಿಕವಾದ ಮೇಲೆ ಪ್ರತಿ ಕಮಿಟ್‌ನಲ್ಲೂ ಆ ವಿಳಾಸ ಎಲ್ಲರಿಗೂ ಕಾಣುತ್ತದೆ, ಆಮೇಲೆ ತೆಗೆಯಬೇಕೆಂದರೆ ಇತಿಹಾಸವನ್ನೇ ಮತ್ತೆ ಬರೆಯಬೇಕು. ಗಿಟ್‌ಹಬ್ ಖಾತೆ ಇದ್ದವರಿಗೆ ಅಲ್ಲಿಯ 'ನೋ-ರಿಪ್ಲೈ' ವಿಳಾಸ ಹಾಕಿದೆವು. ಕಮಿಟ್ ಅವರ ಖಾತೆಗೆ ಸರಿಯಾಗಿ ಜೋಡಣೆಯಾಗುತ್ತದೆ, ಖಾಸಗಿ ವಿಳಾಸವೂ ಹೊರಬೀಳುವುದಿಲ್ಲ.

ಸಮಯದ ಬಗ್ಗೆ ಒಂದು ಮಾತು. ಗಿಟ್ ಎಸ್‌ವಿಎನ್ ತಾನಾಗಿ ಎಲ್ಲವನ್ನೂ ಯುಟಿಸಿ ಸಮಯದಲ್ಲಿ ಬರೆಯುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿ 2 ಗಂಟೆಗೆ ಮಾಡಿದ ಕಮಿಟ್ ಹಿಂದಿನ ದಿನದ ರಾತ್ರಿ 8:30 ಎಂದು ಕಾಣುತ್ತದೆ. 'ಲೋಕಲ್‌ಟೈಮ್' ಆಯ್ಕೆ ಕೊಟ್ಟರೆ ಸರಿಹೋಗುತ್ತದೆ. ಒಮ್ಮುಖವಾಗಿ ಸಾಗಿಸುವವರು ಇದನ್ನು ಧೈರ್ಯವಾಗಿ ಬಳಸಬಹುದು.

ರೆಪೊದಲ್ಲಿ ಟ್ರಂಕ್ (ಮುಖ್ಯ ಧಾರೆ), ಬ್ರಾಂಚಸ್ (ಕವಲುಗಳು), ಟ್ಯಾಗ್ಸ್ (ಬಿಡುಗಡೆಯಂಥ ಹಂತಗಳ ಗುರುತುಗಳು) ಎಂಬ ಮೂರು ಫೋಲ್ಡರ್ ನೀಟಾಗಿದ್ದರೆ 'ಎಸ್‌ಟಿಡಿಲೇಔಟ್' ಸಾಕು. ಟ್ಯಾಗ್‌ಗಳು ಮಾತ್ರ ಟ್ಯಾಗ್ ಆಗಿ ಬರುವುದಿಲ್ಲ, ದೂರದ ಬ್ರಾಂಚ್‌ಗಳಾಗಿ ಬಂದು ಕೂರುತ್ತವೆ. ಒಂದು ಸಣ್ಣ ಲೂಪ್ ಬರೆದು ಪ್ರತಿಯೊಂದನ್ನೂ ನಿಜವಾದ ಟ್ಯಾಗ್ ಮಾಡಿ, ಬ್ರಾಂಚನ್ನು ಅಳಿಸಬೇಕು. ಹೆಸರಿನ ಕೊನೆಗೆ @ ಮತ್ತು ಸಂಖ್ಯೆ ಇರುವ ಬ್ರಾಂಚ್ ಕಂಡರೆ ಗಾಬರಿ ಬೇಡ. ಒಂದು ಕಾಲದಲ್ಲಿ ಅಳಿಸಿ ಮತ್ತೆ ಅದೇ ಹೆಸರಿನಲ್ಲಿ ಸೃಷ್ಟಿಸಿದ ಬ್ರಾಂಚಿನ ಹಳೆಯ ಜನ್ಮ ಅದು. ಒಳಗೇನಿದೆ ನೋಡಿ ತೆಗೆದರಾಯಿತು. ಎಕ್ಸ್‌ಟರ್ನಲ್ಸ್ (ಬೇರೆ ಕಡೆಯಿಂದ ಎಳೆದು ತರುವ ಫೋಲ್ಡರ್‌ಗಳು) ಬರುವುದೇ ಇಲ್ಲ, ಅವನ್ನು ಸಬ್‌ಮಾಡ್ಯೂಲ್ ಮಾಡುವುದೋ ಒಳಕ್ಕೆ ನಕಲಿಸುವುದೋ ನೀವೇ ತೀರ್ಮಾನಿಸಬೇಕು. ಖಾಲಿ ಫೋಲ್ಡರ್‌ಗಳೂ ಬರುವುದಿಲ್ಲ. ನಮ್ಮ ಬಿಲ್ಡ್ ಸ್ಕ್ರಿಪ್ಟ್ ಔಟ್‌ಪುಟ್ ಬರೆಯಲು ಒಂದು ಖಾಲಿ ಫೋಲ್ಡರನ್ನು ನಂಬಿಕೊಂಡಿತ್ತು, ಮೊದಲ ಬಿಲ್ಡ್ ಸೋತದ್ದು ಅಲ್ಲಿಯೇ.

ಕನ್ನಡದಲ್ಲಿ ಕಡತದ ಹೆಸರು ಇಡುವವರು ಮುಂದಿನದನ್ನು ನಿಧಾನವಾಗಿ ಓದಬೇಕು.

ಪರಿವರ್ತನೆ ಮುಗಿದ ಮೇಲೆ ಗಿಟ್ ಸ್ಟೇಟಸ್ ನೋಡಿದರೆ ಕನ್ನಡ ಹೆಸರುಗಳ ಜಾಗದಲ್ಲಿ \340\262\225 ಎಂಬಂಥ ಸಂಖ್ಯೆಗಳ ಸಾಲು. ಇದು ಕಡತ ಕೆಟ್ಟದ್ದಲ್ಲ. ಆಸ್ಕಿ ಅಲ್ಲದ ಬೈಟ್‌ಗಳನ್ನು ಗಿಟ್ ತೋರಿಸುವ ಕ್ರಮವೇ ಹಾಗೆ. ಆ ಮೂರು ಸಂಖ್ಯೆ ಸೇರಿ 'ಕ' ಅಕ್ಷರ. 'ಕೋರ್ ಕೋಟ್‌ಪಾತ್' ಸೆಟ್ಟಿಂಗನ್ನು 'ಫಾಲ್ಸ್' ಮಾಡಿದರೆ ಕನ್ನಡವಾಗಿಯೇ ಕಾಣುತ್ತದೆ. ನಿಜವಾದ ತೊಂದರೆ ಆಮೇಲೆ ಕಂಡಿತು. ಪದಪಟ್ಟಿಯ ಫೋಲ್ಡರ್‌ನಲ್ಲಿ 'ಕೋಶ' ಎಂಬ ಹೆಸರಿನ ಎರಡು ಕಡತ, ಒಂದರ ಕೆಳಗೊಂದು, ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಕಡತ ಇರಲು ಸಾಧ್ಯವೇ ಇಲ್ಲವಲ್ಲ!

ಬೈಟ್ ಎಣಿಸಿ ನೋಡಿದಾಗ ಗುಟ್ಟು ಬಿಚ್ಚಿಕೊಂಡಿತು. ಒಂದರ ಹೆಸರು 9 ಬೈಟ್, ಇನ್ನೊಂದರದ್ದು 15. ಶಾಲೆಯಲ್ಲಿ ಕಾಗುಣಿತ ಹೇಳಿಸಿದ್ದನ್ನು ನೆನಪಿಸಿಕೊಳ್ಳಿ. ಯೂನಿಕೋಡ್‌ನಲ್ಲಿ 'ಕೋ' ಬರೆಯಲು ಎರಡು ದಾರಿ ಇವೆ. 'ಕ'ದ ಮುಂದೆ ಓತ್ವದ ಒಂದೇ ಚಿಹ್ನೆ ಇಡಬಹುದು. ಇಲ್ಲವೇ ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರನ್ನು ಬಿಡಿಬಿಡಿಯಾಗಿ ಇಡಬಹುದು. ಪ್ರತಿ ಚಿಹ್ನೆಗೂ 3 ಬೈಟ್. ಮೊದಲನೆಯ ಬಗೆಯಲ್ಲಿ 'ಕೋಶ' ಮೂರು ಚಿಹ್ನೆ, ಎರಡನೆಯದರಲ್ಲಿ ಐದು. ಪರದೆಯ ಮೇಲೆ ಎರಡೂ ಒಂದೇ. ಗುಡಿಸಿನ ದೀರ್ಘ, ಏತ್ವ, ಐತ್ವ, ಒತ್ವ, ಓತ್ವ ಈ ಐದಕ್ಕೂ ಈ ಇಬ್ಬಂದಿತನ ಇದೆ. ಹಳೆಯ ಮ್ಯಾಕ್ ಕಂಪ್ಯೂಟರ್‌ಗಳ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತಿತ್ತು; ವಿಂಡೋಸ್, ಲಿನಕ್ಸ್ ಟೈಪ್ ಮಾಡಿದ್ದನ್ನು ಹಾಗೆಯೇ ಇಡುತ್ತವೆ. ಮ್ಯಾಕ್‌ನಿಂದ ಸೇರಿಸಿದ 'ಕೋಶ', ವಿಂಡೋಸ್‌ನಿಂದ ಸೇರಿಸಿದ 'ಕೋಶ' ಸಬ್‌ವರ್ಶನ್‌ಗೆ ಬೇರೆ ಬೇರೆ ಕಡತ. ಹಾಗಾಗಿ ವರ್ಷಗಟ್ಟಲೆ ಕೆಲವರು ಒಂದನ್ನು, ಕೆಲವರು ಇನ್ನೊಂದನ್ನು ತಿದ್ದುತ್ತ ಬಂದಿದ್ದರು.

ಮ್ಯಾಕ್‌ನಲ್ಲಿ ಗಿಟ್ ತಾನೇ ಹೆಸರುಗಳನ್ನು ಕೂಡಿಸಿ ಓದುತ್ತದೆ. ಆದರೆ ಇತಿಹಾಸದೊಳಗೇ ಬಿಡಿಸಿದ ಹೆಸರು ಕೂತಿದ್ದರೆ ಅದೇ ಒಂದು ಗೋಜಲು: ಕ್ಲೋನ್ ಮಾಡಿದ (ರೆಪೊದ ಪ್ರತಿ ಇಳಿಸಿಕೊಂಡ) ಕ್ಷಣವೇ ಒಂದು ಕಡತ ಅಳಿದುಹೋಗಿದೆ, ಇನ್ನೊಂದು ಹೊಸದಾಗಿ ಬಂದಿದೆ ಎಂದು ತೋರಿಸುತ್ತದೆ. ಹೊಸ ಜಾಗಕ್ಕೆ ಹೋಗುವ ಮೊದಲೇ ಸರಿಪಡಿಸಬೇಕು, ಹೋದ ಮೇಲೆ ಕಷ್ಟ. ನಾವು ಮಾಡಿದ್ದು ಹೀಗೆ. ಮೊದಲು ಪೈಥಾನ್‌ನ 'ಯೂನಿಕೋಡ್‌ಡೇಟಾ' ಮಾಡ್ಯೂಲಿನಿಂದ ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿ ರೂಪಕ್ಕೆ, ಎಂದರೆ ಚಿಹ್ನೆಗಳನ್ನು ಕೂಡಿಸಿದ ರೂಪಕ್ಕೆ, ತಂದು, ಮೂಲಕ್ಕೆ ಹೋಲಿಸಿ, ಬದಲಾದವನ್ನು ಪಟ್ಟಿ ಮಾಡಿದೆವು. ಜೋಡಿ ಇದ್ದ ಕಡೆ ಎರಡೂ ಕಡತಗಳ ಒಳಗಣ ಪದಗಳನ್ನು ಸಂಪಾದಕರ ಕೈಲಿ ಒಂದು ಮಾಡಿಸಿ, ಹಳೆಯ ಸಬ್‌ವರ್ಶನ್‌ನಲ್ಲೇ ಕಮಿಟ್ ಮಾಡಿ, ಒಂದನ್ನು ಅಳಿಸಿದೆವು. ಆಮೇಲೆ 'ಗಿಟ್ ಫಿಲ್ಟರ್-ರೆಪೊ' ಉಪಕರಣದ 'ಫೈಲ್‌ನೇಮ್-ಕಾಲ್‌ಬ್ಯಾಕ್'ನಲ್ಲಿ ಅದೇ ಎನ್‌ಎಫ್‌ಸಿ ಸಾಲು ಬರೆದು ಇಡೀ ಇತಿಹಾಸದ ಹೆಸರುಗಳನ್ನು ಸರಿಪಡಿಸಿದೆವು. ಅಲ್ಲಿ ಹೆಸರು ಬೈಟ್‌ಗಳಾಗಿ ಬರುತ್ತದೆ. ಡಿಕೋಡ್ ಮಾಡಿ, ಕೂಡಿಸಿ, ಮತ್ತೆ ಎನ್‌ಕೋಡ್ ಮಾಡಿಕೊಡಬೇಕು. ಎರಡೂ ಹೆಸರು ಒಟ್ಟಿಗೇ ಇದ್ದ ಹಳೆಯ ಕಮಿಟ್‌ಗಳಲ್ಲಿ ಕೂಡಿಸಿದೊಡನೆ ಡಿಕ್ಕಿ ಹೊಡೆಯುತ್ತವೆ. ಹಾಗಾಗಿ ಜೋಡಿಯಲ್ಲಿ ಒಂದಕ್ಕೆ, ಅಳಿಸಿದ್ದಕ್ಕೆ, ಇತಿಹಾಸದುದ್ದಕ್ಕೂ 'ಹಳೆಯದು' ಎಂಬ ಬಾಲ ಸೇರಿಸಿದೆವು.

ಎನ್‌ಎಫ್‌ಸಿ ಮುಟ್ಟದ ಇನ್ನೊಂದಿದೆ: 'ಸರ್ವರ್‌ಗಳು' ಎಂಬಂಥ ಹೆಸರಿನಲ್ಲಿ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ. ಕೆಲವರ ಕೀಲಿಮಣೆ ಅದನ್ನು ಪದದ ಕೊನೆಗೂ ಹಾಕಿಬಿಡುತ್ತದೆ. ಇದನ್ನು ಹುಡುಕಲು ಮಾತ್ರ ಕೋಟ್‌ಪಾತ್ ಮತ್ತೆ 'ಟ್ರೂ' ಮಾಡಿ, ಹೆಸರುಗಳ ಪಟ್ಟಿಯಲ್ಲಿ \342\200\214 ಎಲ್ಲೆಲ್ಲಿದೆ ನೋಡಿ. ನಡುವೆ ಇದ್ದರೆ ಬೇಕಾದದ್ದು, ಕೊನೆಯಲ್ಲಿದ್ದರೆ ಬೇಡದ್ದು.

ಇನ್ನು ಗಾತ್ರ. ಗಿಟ್‌ಹಬ್ 50 ಎಂಬಿ ದಾಟಿದ ಕಡತಕ್ಕೆ ಎಚ್ಚರಿಸುತ್ತದೆ, 100 ದಾಟಿದರೆ ಪುಶ್ ಅನ್ನೇ ತಿರಸ್ಕರಿಸುತ್ತದೆ. ಕಡತವನ್ನು ಐದು ವರ್ಷದ ಹಿಂದೆಯೇ ಅಳಿಸಿದ್ದರೂ ಅದು ಇತಿಹಾಸದಲ್ಲಿದೆ, ಆದ್ದರಿಂದ ತಿರಸ್ಕಾರವೂ ಇದೆ. ಫಿಲ್ಟರ್-ರೆಪೊವನ್ನು 'ಅನಲೈಜ್' ಆಯ್ಕೆಯಲ್ಲಿ ಓಡಿಸಿದರೆ ಯಾವ ಕಡತ ಎಷ್ಟು ಜಾಗ ತಿಂದಿದೆ ಎಂಬ ವರದಿ ಸಿಗುತ್ತದೆ. ನಮ್ಮಲ್ಲಿ ಸಿಕ್ಕಿದ್ದು ಸ್ಕ್ಯಾನ್ ಮಾಡಿದ ಪುಟಗಳ ಜಿಪ್‌ಗಳು, ಒಂದು ಡೇಟಾಬೇಸ್ ಡಂಪ್. ಜಿಪ್‌ಗಳ ಮೂಲ ಬೇರೆ ಕಡೆ ಇದ್ದುದರಿಂದ ತೆಗೆದೇಬಿಟ್ಟೆವು. ಫಾಂಟಿನ ಮೂಲ ಕಡತಗಳನ್ನು 'ಗಿಟ್ ಎಲ್‌ಎಫ್‌ಎಸ್ ಮೈಗ್ರೇಟ್'ನಿಂದ ಎಲ್‌ಎಫ್‌ಎಸ್‌ಗೆ (ದೊಡ್ಡ ಕಡತಗಳನ್ನು ಇತಿಹಾಸದ ಹೊರಗೆ ಇಡುವ ವ್ಯವಸ್ಥೆ) ಸರಿಸಿದೆವು. ಒಂದೇ ಪುಶ್‌ಗೆ 2 ಜಿಬಿ ಮಿತಿಯೂ ಇದೆ. ಅದಕ್ಕಿಂತ ದೊಡ್ಡ ರೆಪೊ ಆದರೆ ಹಳೆಯ ಕಮಿಟ್‌ನಿಂದ ಶುರುಮಾಡಿ ಕಂತುಕಂತಾಗಿ ತಳ್ಳಬೇಕು.

ಡೇಟಾಬೇಸ್ ಡಂಪ್ ಜೊತೆಗೆ ಪಾಸ್‌ವರ್ಡ್ ಇರುವ ಕಾನ್ಫಿಗ್ ಕಡತವೂ ಸಿಕ್ಕಿತು. ಕಚೇರಿಯ ಒಳಗಿನ ಸರ್ವರ್‌ನಲ್ಲಿ ಇದ್ದಾಗ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 'ಗಿಟ್‌ಲೀಕ್ಸ್' ಎಂಬ ಉಪಕರಣ ಇತಿಹಾಸವನ್ನೆಲ್ಲ ಜಾಲಾಡಿ ಇಂಥವನ್ನು ತೋರಿಸುತ್ತದೆ. ಫಿಲ್ಟರ್-ರೆಪೊದ 'ರಿಪ್ಲೇಸ್-ಟೆಕ್ಸ್ಟ್'ನಿಂದ ಅಳಿಸಬಹುದು. ಆದರೆ ಅಳಿಸುವುದು ಎರಡನೇ ಕೆಲಸ. ಮೊದಲು ಆ ಪಾಸ್‌ವರ್ಡನ್ನೇ ಬದಲಾಯಿಸಿ. ಹದಿಮೂರು ವರ್ಷದಲ್ಲಿ ಎಷ್ಟು ಲ್ಯಾಪ್‌ಟಾಪ್‌ಗಳಿಗೆ ಅದು ಹೋಗಿದೆಯೋ ಲೆಕ್ಕವಿಲ್ಲ.

ಪರಿವರ್ತನೆ ಸರಿಯಾಗಿದೆ ಎಂದು ಹೇಗೆ ಗೊತ್ತಾಗಬೇಕು? ಕಮಿಟ್‌ಗಳ ಎಣಿಕೆ ತಾಳೆಯಾಗುವುದಿಲ್ಲ, ಆಗಲೂ ಬಾರದು. ಸಬ್‌ವರ್ಶನ್‌ನಲ್ಲಿ ಒಂದೇ ರಿವಿಷನ್ ಹಲವು ಬ್ರಾಂಚ್‌ಗಳನ್ನು ಮುಟ್ಟಬಹುದು, ಗಿಟ್‌ನಲ್ಲಿ ಅದು ಬ್ರಾಂಚಿಗೊಂದು ಕಮಿಟ್ ಆಗುತ್ತದೆ. ನಂಬಬಹುದಾದ ಪರೀಕ್ಷೆ ಒಂದೇ: ಟ್ರಂಕನ್ನೂ ಪ್ರತಿ ಟ್ಯಾಗನ್ನೂ ಸಬ್‌ವರ್ಶನ್‌ನಿಂದ ಎಕ್ಸ್‌ಪೋರ್ಟ್ ಮಾಡಿ, ಗಿಟ್‌ನಿಂದ ಅದನ್ನೇ ಚೆಕ್‌ಔಟ್ ಮಾಡಿ, ಎರಡು ಫೋಲ್ಡರ್‌ಗಳನ್ನು 'ಡಿಫ್'ನಿಂದ ಹೋಲಿಸುವುದು. ಎಕ್ಸ್‌ಪೋರ್ಟ್‌ಗೆ 'ಇಗ್ನೋರ್-ಕೀವರ್ಡ್ಸ್' ಕೊಡದಿದ್ದರೆ ಡಾಲರ್ ಚಿಹ್ನೆಯೊಳಗಿನ ದಿನಾಂಕ, ರಿವಿಷನ್ ಗುರುತುಗಳೆಲ್ಲ ವ್ಯತ್ಯಾಸ ಎಂದು ತೋರಿ ಪಟ್ಟಿ ಉದ್ದವಾಗುತ್ತದೆ. ಈ ಹೋಲಿಕೆಯನ್ನು ಫಿಲ್ಟರ್-ರೆಪೊ ಓಡಿಸುವ ಮೊದಲೇ ಮಾಡಿ; ಹೆಸರು ಬದಲಾಯಿಸಿದ ಮೇಲೆ ಯಾವುದು ನಮ್ಮ ತಿದ್ದುಪಡಿ, ಯಾವುದು ಪರಿವರ್ತನೆಯ ತಪ್ಪು ಎಂದು ಬೇರ್ಪಡಿಸುವುದು ಕಷ್ಟ. ನಮ್ಮ ಮೊದಲ ಸುತ್ತಿನಲ್ಲಿ ಒಂದು ಟ್ಯಾಗ್ ಅರ್ಧಂಬರ್ಧ ಬಂದಿತ್ತು. ಹಿಂದೊಮ್ಮೆ ಯಾರೋ ಟ್ರಂಕಿನ ಬದಲು ಅದರ ಒಳಗಿನ ಒಂದು ಫೋಲ್ಡರನ್ನು ಮಾತ್ರ ಟ್ಯಾಗ್ ಮಾಡಿದ್ದರು. ಎಕ್ಸ್‌ಪೋರ್ಟ್‌ನಲ್ಲೂ ಅಷ್ಟೇ ಇದೆ ಎಂದು ನೋಡಿದ ಮೇಲೆ ನಿಶ್ಚಿಂತೆಯಾಯಿತು.

ಈ ಎಲ್ಲ ಹೆಜ್ಜೆಗಳನ್ನೂ ಒಂದೇ ಶೆಲ್ ಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟಿದ್ದು ನಾವು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಕೈಯಲ್ಲಿ ಮಾಡಿದ್ದನ್ನು ಎರಡನೇ ಸಲ ಹಾಗೆಯೇ ಮಾಡಲಾಗುವುದಿಲ್ಲ. ಸ್ಕ್ರಿಪ್ಟನ್ನು ನಾಲ್ಕು ಸಲ ಮೊದಲಿನಿಂದ ಕೊನೆಯವರೆಗೆ ಓಡಿಸಿದ ಮೇಲೆಯೇ ನಿಜವಾದ ದಿನ ಗೊತ್ತುಮಾಡಿದೆವು.

ಟಿಕೆಟ್‌ಗಳ ಕಥೆ ಬೇರೆ. ನಮ್ಮ ಹಳೆಯ ಟಿಕೆಟ್ ತಂತ್ರಾಂಶವಾದ ಟ್ರ್ಯಾಕ್‌ನಲ್ಲಿ ಒಂಬೈನೂರರಷ್ಟು ಟಿಕೆಟ್ ಇದ್ದವು, ಕಮಿಟ್ ಸಂದೇಶಗಳಲ್ಲಿ #212 ಎಂಬಂತೆ ಅವುಗಳ ಉಲ್ಲೇಖ. ಗಿಟ್‌ಹಬ್‌ನಲ್ಲೂ # ಗುರುತೇ ಕೊಂಡಿ ಆಗುವುದರಿಂದ, ಸಂಖ್ಯೆ ಅದೇ ಉಳಿದರೆ ಹಳೆಯ ಸಂದೇಶಗಳೆಲ್ಲ ಸರಿಯಾದ ಜಾಗಕ್ಕೆ ಕೊಂಡಿಯಾಗುತ್ತವೆ. ಒಂದು ಸಂಖ್ಯೆ ಜಾರಿದರೂ ಅದರ ಮುಂದಿನದೆಲ್ಲ ತಪ್ಪು ಟಿಕೆಟ್ ತೋರಿಸುತ್ತದೆ. ಗಿಟ್‌ಹಬ್‌ನಲ್ಲಿ ಸಂಖ್ಯೆಯನ್ನು ನಾವು ಆರಿಸಲಾಗುವುದಿಲ್ಲ, ಒಂದರ ನಂತರ ಒಂದು ತಾನಾಗಿ ಬರುತ್ತದೆ. ಮೇಲಾಗಿ ಇಶ್ಯೂ (ಟಿಕೆಟ್‌ಗೆ ಅಲ್ಲಿಯ ಹೆಸರು), ಪುಲ್ ರಿಕ್ವೆಸ್ಟ್ (ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಎರಡಕ್ಕೂ ಒಂದೇ ಸಾಲಿನ ಸಂಖ್ಯೆ. ಯಾರಾದರೂ ಉತ್ಸಾಹದಿಂದ ಮೊದಲೇ ಒಂದು ಪುಲ್ ರಿಕ್ವೆಸ್ಟ್ ತೆರೆದರೆ 1ನೇ ಸಂಖ್ಯೆ ಹೋಯಿತು. ಇಶ್ಯೂ ಅಳಿಸಿದರೂ ಸಂಖ್ಯೆ ವಾಪಸ್ ಬರುವುದಿಲ್ಲ; ರೆಪೊವನ್ನೇ ಅಳಿಸಿ ಹೊಸದಾಗಿ ಮಾಡಬೇಕು. ಆದ್ದರಿಂದ ಟಿಕೆಟ್ ಸೇರುವವರೆಗೆ ರೆಪೊ ಖಾಸಗಿಯಾಗಿಯೇ ಇರಲಿ, ಇಬ್ಬರಿಗಿಂತ ಹೆಚ್ಚು ಜನಕ್ಕೆ ಪ್ರವೇಶ ಬೇಡ.

ಟ್ರ್ಯಾಕ್‌ನಲ್ಲಿ ಸ್ಪ್ಯಾಮ್ ಎಂದು ಅಳಿಸಿದ ಟಿಕೆಟ್‌ಗಳ ಜಾಗ ಖಾಲಿ ಇತ್ತು. ಅಲ್ಲೆಲ್ಲ 'ಹಳೆಯ ವ್ಯವಸ್ಥೆಯಲ್ಲಿ ಅಳಿಸಿದ್ದು' ಎಂಬ ತಲೆಬರಹದ ಇಶ್ಯೂ ಹಾಕಿ ಮುಚ್ಚಿದೆವು. ಸ್ಕ್ರಿಪ್ಟ್ ಪ್ರತಿ ಇಶ್ಯೂ ಸೃಷ್ಟಿಸಿದ ಮೇಲೂ ಬಂದ ಸಂಖ್ಯೆ ನಿರೀಕ್ಷಿಸಿದ್ದೇ ಎಂದು ನೋಡಿ, ಅಲ್ಲವಾದರೆ ಅಲ್ಲೇ ನಿಲ್ಲಬೇಕು. ನೆಟ್ ಕೈಕೊಟ್ಟಾಗ ಕೋರಿಕೆ ಸರ್ವರ್ ತಲುಪಿ ಉತ್ತರ ಮಾತ್ರ ಬಾರದೆ ಹೋಗಬಹುದು. ಕಣ್ಣುಮುಚ್ಚಿ ಮತ್ತೆ ಕಳಿಸಿದರೆ ಅದೇ ಟಿಕೆಟ್ ಎರಡು ಸಲ ಸೇರಿ ಸಾಲೆಲ್ಲ ಜಾರುತ್ತದೆ. ವೇಗಕ್ಕೂ ಮಿತಿ ಇದೆ: ಹೊಸದಾಗಿ ಏನನ್ನಾದರೂ ಸೃಷ್ಟಿಸುವ ಕೋರಿಕೆ ನಿಮಿಷಕ್ಕೆ 80, ಗಂಟೆಗೆ 500 ಮೀರಬಾರದು. ಎಲ್ಲ ಟಿಪ್ಪಣಿಗಳನ್ನೂ ಬಿಡಿಬಿಡಿಯಾಗಿ ಹಾಕಹೊರಟರೆ ನಮಗೆ ಆರು ಗಂಟೆ ಬೇಕಾಗುತ್ತಿತ್ತು. ಮುಚ್ಚಿದ ಟಿಕೆಟ್‌ಗಳ ಮಾತುಕತೆಯನ್ನೆಲ್ಲ ಒಂದೇ ಒಡಲಲ್ಲಿ ಜೋಡಿಸಿ, ತೆರೆದಿದ್ದವಕ್ಕೆ ಮಾತ್ರ ಬಿಡಿ ಟಿಪ್ಪಣಿ ಹಾಕಿದೆವು. ಒಂದು ಒಡಲಿಗೆ 65,536 ಅಕ್ಷರಗಳ ಮಿತಿ ಇದೆ. ಉದ್ದದ ಚರ್ಚೆಗಳನ್ನು ಅಲ್ಲಲ್ಲಿ ಒಡೆಯಬೇಕಾಯಿತು.

ಹೀಗೆ ಸೇರಿಸಿದ್ದೆಲ್ಲವೂ ಟೋಕನ್ (ಪಾಸ್‌ವರ್ಡ್ ಬದಲು ಸ್ಕ್ರಿಪ್ಟ್ ಬಳಸುವ ಗುಪ್ತ ಸಂಕೇತ) ಯಾರದ್ದೋ ಅವರೇ ಬರೆದಂತೆ ಕಾಣುತ್ತದೆ. ಒಬ್ಬರ ಹೆಸರಿನಲ್ಲಿ ಎಲ್ಲರ ಮಾತು ಬರುವುದು ಸರಿಯಲ್ಲ. ಅದಕ್ಕೆಂದೇ ಒಂದು ಯಂತ್ರ ಖಾತೆ ಮಾಡಿ, ಪ್ರತಿ ಟಿಪ್ಪಣಿಯ ಮೊದಲ ಸಾಲಿನಲ್ಲಿ ಮೂಲ ಲೇಖಕರ ಹೆಸರು, ದಿನಾಂಕ ಹಾಕಿದೆವು. ಇನ್ನೊಂದು ದೊಡ್ಡ ಎಚ್ಚರ @ ಗುರುತಿನದು. ಹಳೆಯ ಟಿಪ್ಪಣಿಯಲ್ಲಿ ಸಹೋದ್ಯೋಗಿಯನ್ನು @ ಹಾಕಿ ಕರೆದಿದ್ದರೆ, ರೆಪೊ ಸಾರ್ವಜನಿಕವಾಗಿದ್ದಲ್ಲಿ ಗಿಟ್‌ಹಬ್‌ನಲ್ಲಿ ಆ ಹೆಸರಿನ ಯಾರೋ ಅಪರಿಚಿತರಿಗೆ ಸೂಚನೆ ಹೋಗುತ್ತದೆ. ಜಾವಾ ಕೋಡಿನ '@ಓವರ್‌ರೈಡ್' ಅನೊಟೇಶನ್ ಟಿಪ್ಪಣಿಯಲ್ಲಿದ್ದರೂ ಅದೇ ಗತಿ. @ ಇರುವ ಪ್ರತಿ ಪದವನ್ನೂ ಬ್ಯಾಕ್‌ಟಿಕ್ (`) ಒಳಗೆ ಇಟ್ಟರೆ ಸೂಚನೆ ಹೋಗುವುದಿಲ್ಲ.

ಕೋಡು ಮೊದಲೋ ಟಿಕೆಟ್ ಮೊದಲೋ? ಕೋಡೇ ಮೊದಲು. ಟ್ರ್ಯಾಕ್‌ನ ರೂಢಿಯಂತೆ ನಮ್ಮ ಕಮಿಟ್‌ಗಳಲ್ಲಿ 'ಫಿಕ್ಸಸ್ #45' ಎಂದು ಬರೆಯುತ್ತಿದ್ದೆವು. ಗಿಟ್‌ಹಬ್‌ಗೂ ಆ ಮಾತು ಅರ್ಥವಾಗುತ್ತದೆ. ಟಿಕೆಟ್‌ಗಳು ಆಗಲೇ ಇದ್ದು, ಮೇಲಿಂದ ಇತಿಹಾಸವನ್ನು ಮುಖ್ಯ ಬ್ರಾಂಚಿಗೆ ತಳ್ಳಿದರೆ, ಮುಚ್ಚಿ ಮತ್ತೆ ತೆರೆದಿದ್ದ ಟಿಕೆಟ್‌ಗಳೆಲ್ಲ ತಾವಾಗಿ ಮುಚ್ಚಿಕೊಳ್ಳುತ್ತವೆ.

ನಿಜವಾದ ದಿನಕ್ಕೆ ಮಂಗಳವಾರ ಬೆಳಿಗ್ಗೆ ಆರಿಸಿಕೊಂಡೆವು. ಶನಿವಾರ ಮಾಡುವುದು ವಾಡಿಕೆ, ನಮಗೆ ಒಪ್ಪಿಗೆಯಾಗಲಿಲ್ಲ. ಏನಾದರೂ ಕೆಟ್ಟರೆ ಕೇಳಬೇಕಾದವರು ಅಂದು ಊರಲ್ಲಿರುವುದಿಲ್ಲ. ಒಂದು ವಾರ ಮೊದಲೇ ಎಲ್ಲರೂ ಖಾತೆ, ಎರಡು ಹಂತದ ದೃಢೀಕರಣ, ಕೀಲಿ ಸಿದ್ಧ ಮಾಡಿಕೊಂಡು, ಒಂದು ಪ್ರಯೋಗದ ರೆಪೊಗೆ ತಮ್ಮ ಹೆಸರಿನ ಒಂದು ಸಾಲು ಪುಶ್ ಮಾಡಿ ತೋರಿಸಬೇಕಿತ್ತು. ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಗಿಟ್ ಕೆಲಸಕ್ಕೆ ಪಾಸ್‌ವರ್ಡ್ ಒಪ್ಪುವುದಿಲ್ಲ. ಎಸ್‌ಎಸ್‌ಎಚ್ ಕೀಲಿ ಅಥವಾ ಟೋಕನ್ ಬೇಕು. ಇಬ್ಬರ ಕಡೆ ಕೀಲಿ ಸರಿಯಿದ್ದರೂ ಸಂಪರ್ಕ ಸಿಗಲಿಲ್ಲ, ಅವರಿದ್ದ ನೆಟ್‌ವರ್ಕ್‌ನಲ್ಲಿ 22ನೇ ಪೋರ್ಟ್ ಮುಚ್ಚಿತ್ತು. ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಗಿಟ್‌ಹಬ್‌ಗೆ 'ಎಸ್‌ಎಸ್‌ಎಚ್.ಗಿಟ್‌ಹಬ್.ಕಾಂ' ಎಂಬ ಹೋಸ್ಟ್, 443ನೇ ಪೋರ್ಟ್ ಎಂದು ಬರೆದ ಮೇಲೆ ಹೋಯಿತು. ಆರ್ಗನೈಸೇಶನ್ ಮಾಲೀಕರಾಗಿ ಕನಿಷ್ಠ ಇಬ್ಬರಿರಲಿ. ಒಬ್ಬರ ಫೋನು ಕಳೆದರೆ ಇಡೀ ತಂಡ ಹೊರಗೆ ನಿಲ್ಲಬಾರದು.

ಬೆಳಿಗ್ಗೆ ಮೊದಲ ಕೆಲಸ ಹಳೆಯ ರೆಪೊಗೆ ಬರೆಯದಂತೆ ಬೀಗ. ಹುಕ್ಸ್ (ಸಬ್‌ವರ್ಶನ್ ತಾನಾಗಿ ಓಡಿಸುವ ಸ್ಕ್ರಿಪ್ಟ್‌ಗಳ) ಫೋಲ್ಡರ್‌ನಲ್ಲಿ 'ಸ್ಟಾರ್ಟ್-ಕಮಿಟ್' ಎಂಬ ಸ್ಕ್ರಿಪ್ಟ್ ಇಟ್ಟು, ಹೊಸ ವಿಳಾಸವನ್ನು ದೋಷದ ಸಾಲಿಗೆ ಬರೆದು, 1 ಎಂದು ಹೊರಬರುವಂತೆ ಮಾಡಿದರೆ ಸಾಕು. ಮಾದರಿ ಕಡತದ ಹೆಸರಿನ 'ಟಿಎಂಪಿಎಲ್' ಬಾಲ ತೆಗೆಯುವುದು, ಓಡಿಸುವ ಅನುಮತಿ ಕೊಡುವುದು ಮರೆಯಬೇಡಿ. ಸಂದೇಶವನ್ನು ಕನ್ನಡದಲ್ಲೇ ಬರೆದಿದ್ದೆವು, ಆದರೆ ಬಳಸುವವರಿಗೆ ಪ್ರಶ್ನಾರ್ಥಕ ಚಿಹ್ನೆಗಳೂ ಸಂಖ್ಯೆಗಳೂ ಕಂಡವು. ಸಬ್‌ವರ್ಶನ್ ಹುಕ್‌ಗಳನ್ನು ಖಾಲಿ ಪರಿಸರದಲ್ಲಿ ಓಡಿಸುತ್ತದೆ, ಅಲ್ಲಿ ಯುಟಿಎಫ್-8 ಎಂಬುದೇ ಗೊತ್ತಿರುವುದಿಲ್ಲ. ಕೊನೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆವು. ಬೀಗದ ನಂತರ ಕೊನೆಯ ಹಾಟ್‌ಕಾಪಿ, ಸ್ಕ್ರಿಪ್ಟ್, ಹೋಲಿಕೆ, ಪುಶ್, ಟಿಕೆಟ್, ಮುಖ್ಯ ಬ್ರಾಂಚಿಗೆ ರಕ್ಷಣೆ, ಆ ಮೇಲೆ ರೆಪೊ ಸಾರ್ವಜನಿಕ. ಪುಶ್‌ಗೆ ಹನ್ನೊಂದು ನಿಮಿಷ ಸಾಕಾಯಿತು. ಟಿಕೆಟ್ ಮುಗಿಯುವಾಗ ಸಂಜೆ ನಾಲ್ಕು.

ಮುಂದಿನ ಎರಡು ವಾರ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಂಪಾದಕರದ್ದು. "ಕಮಿಟ್ ಮಾಡಿದೀನಿ, ನಿಮಗೆ ಕಾಣ್ತಾ ಇಲ್ವಾ?" ಸಬ್‌ವರ್ಶನ್‌ನಲ್ಲಿ ಕಮಿಟ್ ಎಂದರೆ ಸರ್ವರ್‌ಗೆ ಹೋಯಿತು ಎಂದೇ ಅರ್ಥ. ಗಿಟ್‌ನಲ್ಲಿ ಅದು ಇನ್ನೂ ಅವರ ಕಂಪ್ಯೂಟರ್‌ನಲ್ಲೇ ಇರುತ್ತದೆ, ಪುಶ್ ಆಗಬೇಕು. ಇದನ್ನು ಹೇಳಿಕೊಡಲು ಒಬ್ಬೊಬ್ಬರ ಪಕ್ಕ ಹತ್ತು ನಿಮಿಷ ಕೂರುವುದಕ್ಕಿಂತ ಒಳ್ಳೆಯ ದಾರಿ ನಮಗೆ ಸಿಗಲಿಲ್ಲ. ದಿನಕ್ಕೆ ನಾಲ್ಕೈದು ಪದ ತಿದ್ದುವವರಿಗೆ ಗಿಟ್‌ಹಬ್ ಪುಟದಲ್ಲಿರುವ ಪೆನ್ಸಿಲ್ ಗುಂಡಿಯೇ ಸಾಕಾಯಿತು. ಅಲ್ಲಿ ಪುಶ್ ಎಂಬ ಮಾತೇ ಬರುವುದಿಲ್ಲ. ಹಿಂದೆ ಪದಪಟ್ಟಿಯ ಫೋಲ್ಡರನ್ನಷ್ಟೇ ಇಳಿಸಿಕೊಳ್ಳುತ್ತಿದ್ದವರಿಗೆ ಗಿಟ್ ಇಡೀ ಇತಿಹಾಸ ಇಳಿಸಲು ಹೊರಡುತ್ತದೆ. ಕ್ಲೋನ್ ಮಾಡುವಾಗ 'ಫಿಲ್ಟರ್' ಆಯ್ಕೆಗೆ 'ಬ್ಲಾಬ್:ನನ್', ಜೊತೆಗೆ 'ಸ್ಪಾರ್ಸ್' ಕೊಟ್ಟು, ಆಮೇಲೆ 'ಗಿಟ್ ಸ್ಪಾರ್ಸ್-ಚೆಕ್‌ಔಟ್ ಸೆಟ್'ಗೆ ಫೋಲ್ಡರ್ ಹೆಸರು ಕೊಟ್ಟರೆ ಬೇಕಾದ ಫೋಲ್ಡರ್‌ನ ಕಡತ ಮಾತ್ರ ಬರುತ್ತದೆ.

ಎಕ್ಸೆಲ್ ಹಾಳೆಗಳಿಗೆ ಸಬ್‌ವರ್ಶನ್‌ನ ಲಾಕ್ ಬಳಸುತ್ತಿದ್ದೆವು, ಒಬ್ಬರು ತೆರೆದಾಗ ಇನ್ನೊಬ್ಬರು ತಿದ್ದದಂತೆ. ಗಿಟ್‌ನಲ್ಲಿ ಅದಿಲ್ಲ, ಎಲ್‌ಎಫ್‌ಎಸ್‌ನಲ್ಲಿ ಇದೆ, ಆದರೆ ಎಲ್ಲರೂ ಪಾಲಿಸಬೇಕು. ನಾವು ಹಾಳೆಗಳನ್ನೇ ಸಿಎಸ್‌ವಿ ಮಾಡಿದೆವು. ಎಕ್ಸೆಲ್‌ನಲ್ಲಿ ಉಳಿಸುವಾಗ ಬರಿಯ 'ಸಿಎಸ್‌ವಿ' ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ, 'ಸಿಎಸ್‌ವಿ ಯುಟಿಎಫ್-8' ಆರಿಸಬೇಕು. ಮೊದಲ ವಾರದಲ್ಲೇ ಒಂದು ಕಡತ ಹೀಗೆ ಹೋಯಿತು, ಇತಿಹಾಸ ಇದ್ದುದರಿಂದ ಐದು ನಿಮಿಷದಲ್ಲಿ ವಾಪಸ್ ತಂದೆವು. ಈಗ ಪ್ರತಿ ಪುಲ್ ರಿಕ್ವೆಸ್ಟ್‌ನಲ್ಲೂ ಒಂದು ಸಣ್ಣ ಪರೀಕ್ಷೆ ಓಡುತ್ತದೆ: ಕಡತ ಸರಿಯಾದ ಯುಟಿಎಫ್-8 ಹೌದೇ, ಸಾಲುಸಾಲು ಪ್ರಶ್ನಾರ್ಥಕ ಇದೆಯೇ, ಹೆಸರು ಎನ್‌ಎಫ್‌ಸಿ ರೂಪದಲ್ಲಿದೆಯೇ.

ಹಳೆಯ ಸರ್ವರನ್ನು ಓದಲು ಮಾತ್ರ ಆರು ವಾರ ತೆರೆದಿಟ್ಟೆವು. ಅದರ ಅಪಾಚೆ ಆಕ್ಸೆಸ್ ಲಾಗ್ ನೋಡಿದರೆ ಯಾರು ಇನ್ನೂ ಅಲ್ಲಿಗೆ ಬರುತ್ತಿದ್ದಾರೆ ಎಂದು ತಿಳಿಯುತ್ತದೆ. ಜನರೆಲ್ಲ ಬಿಟ್ಟಿದ್ದರು, ಯಂತ್ರಗಳು ಬಿಟ್ಟಿರಲಿಲ್ಲ. ಒಂದು ಜಾಲತಾಣದ ಸರ್ವರ್ ಪ್ರತಿ ರಾತ್ರಿ 'ಎಸ್‌ವಿಎನ್ ಅಪ್' ಓಡಿಸಿ ಪದಪಟ್ಟಿ ತರುತ್ತಿತ್ತು. ದೋಷ ಬರದ ಕಾರಣ ಯಾರಿಗೂ ಗೊತ್ತಾಗದೆ ಹಳೆಯ ಪದಪಟ್ಟಿಯನ್ನೇ ತೋರಿಸುತ್ತ ಕೂತಿತ್ತು. ಅದಕ್ಕೆ ಓದಲು ಮಾತ್ರದ ಡಿಪ್ಲಾಯ್ ಕೀಲಿ ಕೊಟ್ಟೆವು. ಒಂದೇ ಕೀಲಿಯನ್ನು ಎರಡು ರೆಪೊಗೆ ಗಿಟ್‌ಹಬ್ ಒಪ್ಪುವುದಿಲ್ಲ. ರೆಪೊಗೊಂದು ಕೀಲಿ, ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಅದಕ್ಕೊಂದು ಅಡ್ಡಹೆಸರು.

ಕೋಡು ಇಡುವ ಇಂಥ ಜಾಗಗಳು ಶಾಶ್ವತವಲ್ಲ. ಗೂಗಲ್ ಕೋಡ್ 2016ರ ಜನವರಿಯಲ್ಲಿ, ಕೋಡ್‌ಪ್ಲೆಕ್ಸ್ 2017ರ ಡಿಸೆಂಬರ್‌ನಲ್ಲಿ ಮುಚ್ಚಿದವು. ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್ ರೆಪೊಗಳನ್ನು ಕೈಬಿಟ್ಟಿತು. ಅದಕ್ಕಾಗಿ ನಮ್ಮದೇ ಡಿಸ್ಕ್‌ನಲ್ಲಿ 'ಮಿರರ್' ಕ್ಲೋನ್ ಒಂದು ಪ್ರತಿ ರಾತ್ರಿ ತಾಜಾ ಆಗುತ್ತದೆ. ಅದಕ್ಕೆ 'ಪ್ರೂನ್' ಕೊಟ್ಟಿಲ್ಲ. ಕೊಟ್ಟರೆ ಅಲ್ಲಿ ಕೈತಪ್ಪಿ ಅಳಿದ ಬ್ರಾಂಚ್ ಇಲ್ಲೂ ಅಳಿಯುತ್ತದೆ. ಮಿರರ್‌ನಲ್ಲಿ ಎಲ್‌ಎಫ್‌ಎಸ್ ಕಡತ ತಾವಾಗಿ ಬರುವುದಿಲ್ಲ, 'ಗಿಟ್ ಎಲ್‌ಎಫ್‌ಎಸ್ ಫೆಚ್' ಅನ್ನು 'ಆಲ್' ಆಯ್ಕೆಯೊಂದಿಗೆ ಬೇರೆಯಾಗಿ ಓಡಿಸಬೇಕು. ಇಶ್ಯೂಗಳೂ ಬರುವುದಿಲ್ಲ, ಅವನ್ನು ವಾರಕ್ಕೊಮ್ಮೆ ಎಪಿಐ ಮೂಲಕ ಜೇಸನ್ ಕಡತಗಳಾಗಿ ಇಳಿಸುತ್ತೇವೆ.

ಆರು ವಾರದ ಕೊನೆಯಲ್ಲಿ ಲಾಗ್ ಮೂರು ದಿನ ಖಾಲಿ ಇತ್ತು. 'ಎಸ್‌ವಿಎನ್‌ಅಡ್ಮಿನ್ ಡಂಪ್' ತೆಗೆದು, ಇನ್ನೊಂದು ಕಂಪ್ಯೂಟರ್‌ನಲ್ಲಿ ಲೋಡ್ ಮಾಡಿ ಕೊನೆಯ ರಿವಿಷನ್ ಸಂಖ್ಯೆ ತಾಳೆ ನೋಡಿ, ಎರಡು ಡಿಸ್ಕ್‌ಗಳಲ್ಲಿ ಇಟ್ಟೆವು. ಅದರ ಪಕ್ಕದಲ್ಲೇ ಹಳೆಯ ರಿವಿಷನ್ ಸಂಖ್ಯೆಗೆ ಹೊಸ ಕಮಿಟ್ ಯಾವುದು ಎಂದು ತೋರಿಸುವ ಎರಡು ಅಂಕಣದ ಪಟ್ಟಿ ಇದೆ. ಫಿಲ್ಟರ್-ರೆಪೊ ಪ್ರತಿ ಸಲವೂ ಕಮಿಟ್ ಗುರುತನ್ನು ಬದಲಿಸುವುದರಿಂದ ಆ ಪಟ್ಟಿಯನ್ನು ಎಲ್ಲಕ್ಕಿಂತ ಕೊನೆಗೆ, ಗಿಟ್‌ಹಬ್‌ನಿಂದ ಹೊಸದಾಗಿ ಕ್ಲೋನ್ ಮಾಡಿದ ಪ್ರತಿಯಿಂದಲೇ ತೆಗೆಯಬೇಕು. ಆಮೇಲೆ ಹಳೆಯ ಸರ್ವರ್‌ನ ಸ್ವಿಚ್ ತೆಗೆದೆವು.